ಸ್ಟಿಯರಿಂಗ್ ಸ್ಟೆಬಿಲೈಸರ್ ಬದಲಿಸುವ ಮುನ್ನ

ತೋಟದ ಕೆಲಸಕ್ಕೆ ಎತ್ತಿನ ಗಾಡಿಯೇ ಗತಿಯಾಗಿದ್ದ ಕಾಲದಲ್ಲಿ, ಹೊರಡುವ ಮುನ್ನ ಕಡೆಗೀಲು ನೋಡಿ, ಅಚ್ಚಿಗೆ ಕೀಲೆಣ್ಣೆ ಹಾಕುವುದು ನಮ್ಮ ಹಿರಿಯರಿಗೆ ಹಲ್ಲುಜ್ಜಿದಷ್ಟೇ ಸಹಜವಾಗಿತ್ತು. ಇಂದು ಎತ್ತುಗಳ ಜಾಗಕ್ಕೆ ಪಿಕಪ್ ವ್ಯಾನು ಬಂದಿದೆ. ಗೊಬ್ಬರ ತರುವುದಕ್ಕೆ, ಅಡಿಕೆ ಮೂಟೆ ಪೇಟೆಗೆ ಮುಟ್ಟಿಸುವುದಕ್ಕೆ, ಕಾಫಿ ಚೀಲ ಕ್ಯೂರಿಂಗಿಗೆ ಸಾಗಿಸುವುದಕ್ಕೆ, ಕಾಯಿಲೆ ಬಿದ್ದವರನ್ನು ಆಸ್ಪತ್ರೆಗೆ ಒಯ್ಯುವುದಕ್ಕೂ ಅದೇ ಬೇಕು. ಆದರೆ ಕಡೆಗೀಲು ನೋಡುವ ಅಭ್ಯಾಸ ಮಾತ್ರ ಎತ್ತುಗಳ ಜೊತೆಗೇ ಹೋಯಿತೆಂದು ತೋರುತ್ತದೆ. ಈ ಮಾತನ್ನು ಪರರ ಮೇಲಿನ ದೂರಾಗಿ ಹೇಳುತ್ತಿಲ್ಲ. ತಪ್ಪು ಮಾಡಿ ಕಲಿತವನಾಗಿ ಹೇಳುತ್ತಿದ್ದೇನೆ.

ನನ್ನ ತೋಟ ಇರುವುದು ಖಾನಾಪುರ ತಾಲ್ಲೂಕಿನ ಜಾಂಬೋಟಿ ಕಡೆ. ಕೊಡಗು, ಚಿಕ್ಕಮಗಳೂರುಗಳಂತೆ ನಮ್ಮದು ಕಾಫಿಯ ನಾಡಲ್ಲ. ಶಿರಸಿ, ಸಿದ್ದಾಪುರಗಳಂತೆ ಅಡಿಕೆಯ ನಾಡೂ ಅಲ್ಲ. ಭತ್ತ, ಕಬ್ಬು, ಗೇರುಗಳ ನಡುವೆ ನೀರಿರುವ ಕಡೆ ಅಡಿಕೆ ಬೆಳೆಸಿಕೊಂಡವರು ನಾವು. ಆದರೆ ಮಳೆಯಲ್ಲಿ ಮಾತ್ರ ನಾವು ಯಾರಿಗೂ ಕಡಿಮೆಯಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ ನಮ್ಮ ನೆರೆಯ ಊರು. ಮಳೆಗಾಲ ಮುಗಿಯುವ ಹೊತ್ತಿಗೆ ರಸ್ತೆಯಲ್ಲಿ ಗುಂಡಿಯೋ, ಗುಂಡಿಯಲ್ಲಿ ರಸ್ತೆಯೋ ಎಂದು ಕೇಳಬೇಕಾಗುತ್ತದೆ. ಇಂಥ ರಸ್ತೆಯಲ್ಲಿ ಪಿಕಪ್ಪಿನ ಮುಂಗಾಲಿ ಪಡುವ ಪಾಡು ಮಲೆನಾಡಿನ ಎಲ್ಲ ಬೆಳೆಗಾರರಿಗೂ ಗೊತ್ತಿರುವುದೇ.

ನಡೆದ ಸಂಗತಿ

ಒಂದು ದಿನ ಗೊಬ್ಬರದ ಚೀಲ ಹೇರಿಕೊಂಡು ಖಾನಾಪುರದಿಂದ ಮರಳುತ್ತಿದ್ದೆವು. ಗಾಡಿ ಓಡಿಸುತ್ತಿದ್ದವನು ನನ್ನ ಮಗ. ವೇಗ ಐವತ್ತರ ಆಸುಪಾಸಿನಲ್ಲಿದ್ದಾಗ ಎಡಗಾಲಿ ಒಂದು ಗುಂಡಿಗೆ ಇಳಿದು ಎದ್ದಿತು. ಆ ಕ್ಷಣವೇ ಸ್ಟಿಯರಿಂಗು ಜ್ವರ ಬಂದವರಂತೆ ಗಡಗಡ ನಡುಗತೊಡಗಿತು. ಬೋನೆಟ್ಟು, ಕನ್ನಡಿ, ಆಸನ ಎಲ್ಲವೂ ಅದರ ಜೊತೆಗೆ ನಡುಗಿದವು. ವೇಗ ಇಪ್ಪತ್ತಕ್ಕೆ ಇಳಿದ ಮೇಲೆ ತಾನಾಗಿಯೇ ನಿಂತಿತು. ಅಂದಿನಿಂದ ದಿನಕ್ಕೊಂದೆರಡು ಸಲ ಇದೇ ಗೋಳು.

ಮುಂದಿನ ವಾರ ಬೆಳಗಾವಿಗೆ ಹೋದಾಗ ಒಂದು ಅಂಗಡಿಯಲ್ಲಿ ವಿಷಯ ಹೇಳಿದೆ. "ಸ್ಟೆಬಿಲೈಸರ್ ಹೋಗೇತ್ರಿ, ಹೊಸಾದು ಹಾಕಿದ್ರ ಮುಗೀತು" ಎಂದರು. ಬಿಗಿಯಾದ ಹೊಸ ಸ್ಟೆಬಿಲೈಸರ್ ಹಾಕಿಕೊಟ್ಟರು. ನಿಜಕ್ಕೂ ನಡುಕ ನಿಂತಿತು. ಹಣ ಸಾರ್ಥಕವಾಯಿತೆಂದು ನಾನೂ ಸುಮ್ಮನಾದೆ.

ಮೂರು ವಾರ ಕಳೆದವು. ಒಂದು ಸಂಜೆ ನಮ್ಮ ಅಂಗಳಕ್ಕೆ ಗಾಡಿ ತಿರುಗಿಸುವಾಗ ಕೆಳಗೆ 'ಠಪ್' ಎಂದು ಸದ್ದಾಯಿತು. ಇಳಿದು ನೋಡಿದರೆ ಒಂದು ಗಾಲಿ ಮನೆಯ ಕಡೆ, ಇನ್ನೊಂದು ದನದ ಕೊಟ್ಟಿಗೆಯ ಕಡೆ ಮುಖ ಮಾಡಿತ್ತು. ಟೈ ರಾಡಿನ ತುದಿಯ ಗುಂಡು ಸವೆದು ಸವೆದು ಗೂಡಿನಿಂದ ಕಳಚಿಬಿದ್ದಿತ್ತು. ಹಿಂದಿನ ದಿನವಷ್ಟೇ ಅದೇ ಗಾಡಿಯಲ್ಲಿ ಮಗ, ಸೊಸೆ, ಮೊಮ್ಮಗಳು ಕಣಕುಂಬಿಯ ಆಚೆ ಚೋರ್ಲಾ ಘಾಟಿ ಇಳಿದು ಗೋವೆಗೆ ಹೋಗಿ ಬಂದಿದ್ದರು. ಆ ಗುಂಡು ಒಂದು ದಿನ ಮೊದಲೇ ಕಳಚಿದ್ದರೆ ಎಂಬ ಯೋಚನೆಯಿಂದ ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಗಾಡಿಯನ್ನು ಕಟ್ಟಿಸಿಕೊಂಡು ಬೆಳಗಾವಿಯ ಉದ್ಯಮಬಾಗದ ಕಡೆಯ ಒಬ್ಬ ಮಿಸ್ತ್ರಿಯ ಬಳಿಗೆ ಒಯ್ದೆವು. ಆತ ಬಾಗಿ ನೋಡಿ ಹೇಳಿದ ಮಾತು ಇಡೀ ಈ ಲೇಖನದ ಸಾರ: "ಕಾಕಾರ, ಬ್ಯಾನಿ ಒಂದ ಕಡೆ ಐತಿ, ನೀವು ಪಟ್ಟಿ ಒಂದ ಕಡೆ ಕಟ್ಟೀರಿ. ನಡಗೂದು ಬಂದಾಗ ಗಾಡಿ ನಿಮಗ ಹೇಳಾಕತ್ತಿತ್ತು. ನೀವು ಅದರ ಬಾಯಿ ಕಟ್ಟಿದ್ರಿ."

ಸ್ಟೆಬಿಲೈಸರ್ ಎಂದರೇನು?

ಇದಕ್ಕೆ ಸ್ಟಿಯರಿಂಗ್ ಡ್ಯಾಂಪರ್ ಎಂಬ ಹೆಸರೂ ಉಂಟು. ನೋಡಲು ಶಾಕ್ ಅಬ್ಸಾರ್ಬರಿನ ತಮ್ಮನಂತಿರುತ್ತದೆ, ಆದರೆ ಅಡ್ಡಲಾಗಿ ಮಲಗಿರುತ್ತದೆ. ಒಂದು ತುದಿಯನ್ನು ಆಕ್ಸಲಿಗೋ ಚಾಸಿಗೋ ಬಿಗಿದು, ಇನ್ನೊಂದು ತುದಿಯನ್ನು ಎರಡು ಗಾಲಿಗಳನ್ನು ಜೋಡಿಸುವ ಸರಳಿಗೆ ಸಿಕ್ಕಿಸಿರುತ್ತಾರೆ. ಕೊಳವೆಯೊಳಗೆ ಎಣ್ಣೆ, ಎಣ್ಣೆಯೊಳಗೆ ಸಣ್ಣ ರಂಧ್ರಗಳಿರುವ ಪಿಸ್ಟನ್ನು. ಸ್ಟಿಯರಿಂಗನ್ನು ನಿಧಾನವಾಗಿ ತಿರುಗಿಸಿದರೆ ಎಣ್ಣೆ ರಂಧ್ರದಲ್ಲಿ ಸಲೀಸಾಗಿ ಹರಿಯುತ್ತದೆ, ತಡೆ ಗೊತ್ತಾಗುವುದಿಲ್ಲ. ಗಾಲಿಯು ಕಲ್ಲಿಗೆ ಬಡಿದು ಸರಳು ಒಮ್ಮೆಲೇ ಜಗ್ಗಿದರೆ ಎಣ್ಣೆ ಅಷ್ಟು ಬೇಗ ನುಗ್ಗಲಾರದು. ಆಗ ಅದು ಸರಳನ್ನು ಹಿಡಿದು ನಿಲ್ಲಿಸುತ್ತದೆ. ತುಂಬಿದ ಕೊಡದಲ್ಲಿ ಕೈಯನ್ನು ಮೆಲ್ಲಗೆ ಆಡಿಸುವುದಕ್ಕೂ ರಭಸದಿಂದ ಬೀಸುವುದಕ್ಕೂ ಇರುವ ವ್ಯತ್ಯಾಸವೇ ಇದು.

ಈ ಎಣ್ಣೆಯ ವಿದ್ಯೆ ಬೆಳಗಾವಿಗೆ ಹೊಸದಲ್ಲ. 1981ರಲ್ಲಿ ಸುರೇಶ ಹುಂದ್ರೆಯವರು ಆರಂಭಿಸಿದ ಪಾಲಿಹೈಡ್ರಾನ್ ಸಂಸ್ಥೆಯೂ ಸೇರಿದಂತೆ, ಎಣ್ಣೆಯ ಒತ್ತಡದಿಂದ ನಡೆಯುವ ಪಂಪು, ವಾಲ್ವುಗಳನ್ನು ಮಾಡುವ ಕಾರ್ಖಾನೆಗಳು ಈ ನಗರದಲ್ಲಿವೆ. ಎರಕದ ಕಾರ್ಖಾನೆಗಳಿಗೂ ಊರು ಹೆಸರಾಗಿದೆ. ಹೀಗಾಗಿ ಇಲ್ಲಿಯ ಅನುಭವಿ ಮಿಸ್ತ್ರಿಗಳಿಗೆ ಪಿಸ್ಟನ್ನು, ಸೀಲು, ವಾಲ್ವುಗಳ ಗುಣ ಚೆನ್ನಾಗಿ ತಿಳಿದಿದೆ. ಕೇಳಿ ತಿಳಿಯುವ ತಾಳ್ಮೆ ನಮಗಿರಬೇಕು.

ಸ್ಟೆಬಿಲೈಸರ್ ಎಲ್ಲ ಗಾಡಿಗಳಲ್ಲೂ ಇರುವುದಿಲ್ಲ. ಮುಂದೆ ಇಡಿಯಾದ ಆಕ್ಸಲು ಮತ್ತು ಪ್ಲೇಟು ಸ್ಪ್ರಿಂಗು ಇರುವ ಜೀಪು, ಪಿಕಪ್ಪುಗಳಿಗೆ ಈ ನಡುಕದ ಕಾಟ ಹೆಚ್ಚು. ಒಂದು ಗಾಲಿ ಅಲುಗಿದರೆ ಅದೇ ಆಕ್ಸಲಿನ ಮೂಲಕ ಇನ್ನೊಂದನ್ನೂ ಅಲುಗಿಸುವುದೇ ಕಾರಣ. ನಿಮ್ಮ ಗಾಡಿಗೆ ಕಂಪನಿಯವರೇ ಅದನ್ನು ಹಾಕಿರದಿದ್ದರೆ, ನಡುಕ ಬಂತೆಂದು ಹೊಸದಾಗಿ ಸಿಕ್ಕಿಸಲು ಹೋಗಬೇಡಿ. ಇಲ್ಲದೆಯೂ ನೆಟ್ಟಗೆ ಓಡುತ್ತಿದ್ದ ಗಾಡಿ ಈಗೇಕೆ ನಡುಗುತ್ತಿದೆ ಎಂದು ಹುಡುಕಿರಿ.

ಇದು ನಮ್ಮ ಹಳೆಯ ಗಾಡಿಗಳಿಗೆ ಮಾತ್ರ ಬಂದ ಶಾಪವೂ ಅಲ್ಲ. ಅಮೆರಿಕದಲ್ಲಿ ಹೊಚ್ಚ ಹೊಸ ಜೀಪ್ ರ್ಯಾಂಗ್ಲರ್ ಗಾಡಿಗಳಲ್ಲಿ ಇಂಥದೇ ನಡುಕದ ದೂರು ಬಂದು, 2019ರಲ್ಲಿ ಕಂಪನಿಯೇ ಡ್ಯಾಂಪರನ್ನು ಬದಲಿಸಿಕೊಡಲು ಮುಂದಾಯಿತು. ಚಳಿಯಲ್ಲಿ ಡ್ಯಾಂಪರಿನ ಎಣ್ಣೆಯೊಳಗೆ ಗಾಳಿಗುಳ್ಳೆ ಏಳುವುದು ಒಂದು ಕಾರಣವೆಂದು ಅವರು ಕಂಡುಕೊಂಡಿದ್ದರು. ಅಂದರೆ ಸ್ಟೆಬಿಲೈಸರೇ ಕೆಡುವುದೂ ಉಂಟು. ಆದರೆ ಅದೊಂದೇ ಕಾರಣವೆಂದು ಮೊದಲೇ ತೀರ್ಮಾನಿಸಬಾರದು.

ಮೊದಲು ರೋಗ ಹುಡುಕಿ

ಮಿಸ್ತ್ರಿ ನನಗೆ ಕಲಿಸಿದ ಕ್ರಮವನ್ನು ಹಾಗೆಯೇ ಇಲ್ಲಿ ಕೊಡುತ್ತಿದ್ದೇನೆ. ಖರ್ಚಿಲ್ಲದ ಕೆಲಸ ಮೊದಲು, ಖರ್ಚಿನದು ಆಮೇಲೆ.

1. ಗಾಲಿಯ ಒಳಮೈ ತೊಳೆಯಿರಿ. ತೋಟದ ಕೆಸರು ಡಿಸ್ಕಿನ ಒಳಭಾಗದಲ್ಲಿ ಒಂದೇ ಕಡೆ ಮೆತ್ತಿ ಒಣಗಿದರೆ ಗಾಲಿಯ ತೂಕ ಏರುಪೇರಾಗುತ್ತದೆ. ಇಷ್ಟಕ್ಕೇ ನಡುಕ ಹುಟ್ಟಿದ ಗಾಡಿಗಳಿವೆ. ಒಂದು ಕೊಡ ನೀರು, ಒಂದು ಕಡ್ಡಿ ಸಾಕು.

2. ಟೈರಿನ ಗಾಳಿ ನೋಡಿ. ಎರಡೂ ಮುಂಗಾಲಿಗಳಲ್ಲಿ ಗಾಳಿ ಸಮನಾಗಿರಬೇಕು. ಕಂಪನಿ ಹೇಳಿದ ಪ್ರಮಾಣವನ್ನು ಗಾಡಿಯ ಪುಸ್ತಕದಲ್ಲಿ ನೋಡಿಕೊಳ್ಳಿ. ಟೈರಿನ ಮೇಲೆ ಅಂಗೈ ಆಡಿಸಿದಾಗ ಉಬ್ಬು ತಗ್ಗು ಸಿಕ್ಕರೆ, ಡಿಸ್ಕು ಬಾಗಿದ್ದರೆ, ಬ್ಯಾಲೆನ್ಸಿಂಗ್ ಮಾಡಿಸಿದರೂ ಪ್ರಯೋಜನವಾಗದು. ಅವನ್ನೇ ಬದಲಿಸಬೇಕು.

3. ಮುಂಗಾಲಿಯನ್ನು ಎತ್ತಿ ಅಲುಗಿಸಿ. ಜಾಕಿನ ಮೇಲೆ ಎತ್ತಿ, ಕೆಳಗೆ ಗಟ್ಟಿಯಾದ ದಿಮ್ಮಿ ಕೊಡಿ. ಬರೀ ಜಾಕನ್ನು ನಂಬಿ ಕೆಳಗೆ ತಲೆ ಹಾಕಬೇಡಿ. ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಜಗ್ಗಿ ನೋಡಿ. ಅಲುಗಾಟ ಇದ್ದರೆ ಗಾಲಿಯ ಬೇರಿಂಗು ಅಥವಾ ಕಿಂಗ್ ಪಿನ್ನು ಸವೆದಿದೆ. ಆಮೇಲೆ ಎಡಕ್ಕೂ ಬಲಕ್ಕೂ ಹಿಡಿದು ಜಗ್ಗಿ. ಈಗ ಮಾತ್ರ ಅಲುಗಿದರೆ ಟೈ ರಾಡಿನ ತುದಿಗಳ ಮೇಲೆ ಸಂಶಯ ಇಡಿ.

4. ಗಾಡಿ ನೆಲದ ಮೇಲೆ ನಿಂತಿರುವಾಗ ಕೀಲು ನೋಡಿ. ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇದು. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಗೇರು ತೆಗೆದು, ಹ್ಯಾಂಡ್ ಬ್ರೇಕು ಹಾಕಿ, ಗಾಲಿಗಳಿಗೆ ಕಲ್ಲು ಕೊಡಿ. ಒಬ್ಬರು ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಒಂದು ಗೇಣಿನಷ್ಟು ಆಡಿಸುತ್ತಿರಲಿ. ಇನ್ನೊಬ್ಬರು ಕೆಳಗೆ ಬಾಗಿ ಒಂದೊಂದು ಕೀಲನ್ನೂ ನೋಡಲಿ. ಸರಳು ಚಲಿಸಿದ ಕೂಡಲೇ ಅದಕ್ಕೆ ಸಿಕ್ಕಿಸಿದ ತೋಳೂ ಚಲಿಸಬೇಕು. ನಡುವೆ ಕೂದಲೆಳೆಯಷ್ಟು ಬಿಡುವು ಕಂಡರೂ ಆ ಕೀಲು ಸವೆದಿದೆ. ಸ್ಟಿಯರಿಂಗ್ ಬಾಕ್ಸನ್ನು ಚಾಸಿಗೆ ಬಿಗಿದ ಬೋಲ್ಟುಗಳು ಅಲುಗುತ್ತಿವೆಯೇ ಎಂಬುದನ್ನೂ ಆಗಲೇ ನೋಡಿ. ಪವರ್ ಸ್ಟಿಯರಿಂಗ್ ಇದ್ದರೆ ಇಂಜಿನ್ ಚಾಲೂ ಇಟ್ಟು ನೋಡಬೇಕಾಗುತ್ತದೆ. ಆ ಕೆಲಸ ಮಿಸ್ತ್ರಿಗೇ ಬಿಡುವುದು ಲೇಸು.

5. ಸ್ಪ್ರಿಂಗು ನೋಡಿ. ಪ್ಲೇಟುಗಳನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟು ಸಡಿಲವಾದರೆ ಆಕ್ಸಲೇ ಹಿಂದು ಮುಂದಾಗುತ್ತದೆ. ತುದಿಯ ಬುಷ್ ಸವೆದರೂ ಅಷ್ಟೇ.

6. ಕೊನೆಗೆ ಅಲೈನ್‌ಮೆಂಟ್. ಸವೆದ ಕೀಲು ಬದಲಿಸದೆ ಅಲೈನ್‌ಮೆಂಟ್ ಮಾಡಿಸುವುದು ಬಿರುಕು ಗೋಡೆಗೆ ಸುಣ್ಣ ಹೊಡೆದಂತೆ.

ನನ್ನ ಗಾಡಿಯಲ್ಲಿ ಮಿಸ್ತ್ರಿ ಇನ್ನೂ ಒಂದು ಕೆಲಸ ಮಾಡಿದ. ಕಳಚಿದ ತುದಿಗೆ ಹೊಸದು ಹಾಕಿ, ಹೊಸ ಸ್ಟೆಬಿಲೈಸರಿನ ಒಂದು ಬದಿ ಬಿಚ್ಚಿ ಸ್ಟಿಯರಿಂಗ್ ಆಡಿಸಿದ. ಅಲ್ಲಿಯವರೆಗೆ ಬಿಗಿಯಾಗಿ ಕಾಣುತ್ತಿದ್ದ ಇನ್ನೊಂದು ಟೈ ರಾಡ್ ತುದಿಯೂ ಈಗ 'ಟಕ್ ಟಕ್' ಎನ್ನತೊಡಗಿತು. ಬಿಗಿಯಾದ ಸ್ಟೆಬಿಲೈಸರು ಅದರ ದನಿಯನ್ನೂ ಮುಚ್ಚಿಟ್ಟಿತ್ತು. ಎರಡೂ ತುದಿಗಳಿಗೆ ಬಿದ್ದ ಖರ್ಚು, ನಾನು ಅವಸರದಲ್ಲಿ ಕೊಂಡ ಸ್ಟೆಬಿಲೈಸರಿನ ಅರ್ಧವೂ ಆಗಲಿಲ್ಲ.

ಹಳೆಯ ಸ್ಟೆಬಿಲೈಸರನ್ನು ಪರೀಕ್ಷಿಸುವ ಬಗೆ

ಮೇಲಿನದೆಲ್ಲ ಸರಿಯಿದ್ದೂ ನಡುಕ ಉಳಿದರೆ ಆಗ ಸ್ಟೆಬಿಲೈಸರಿನ ಸರದಿ. ಮೈಮೇಲೆ ತೆಳ್ಳಗೆ ಎಣ್ಣೆಯ ಪಸೆ ಇದ್ದರೆ ಗಾಬರಿಯಾಗಬೇಕಿಲ್ಲ. ಹನಿ ಹನಿಯಾಗಿ ಸೋರಿ ಮಣ್ಣು ಮೆತ್ತಿಕೊಂಡಿದ್ದರೆ ಸೀಲು ಹೋಗಿದೆ. ರಾಡು ಬಾಗಿದ್ದರೂ ತುಕ್ಕು ಹಿಡಿದಿದ್ದರೂ ಅದರ ಆಯುಸ್ಸು ಮುಗಿಯಿತು.

ಕೆಳಗಿಳಿಸಿ, ಗಾಡಿಯಲ್ಲಿ ಇದ್ದಂತೆಯೇ ಅಡ್ಡಲಾಗಿ ಹಿಡಿದು, ಪೂರ್ತಿ ಎಳೆದು ಪೂರ್ತಿ ಒತ್ತಿ. ಎರಡೂ ದಿಕ್ಕಿನಲ್ಲಿ ಒಂದೇ ಸಮನಾದ ತಡೆ ಸಿಗಬೇಕು. ನಡುವೆ ಎಲ್ಲಿಯಾದರೂ ಕೈಗೆ ತಡೆಯೇ ಸಿಗದೆ ಜಾರಿದರೆ ಎಣ್ಣೆಯಲ್ಲಿ ಗಾಳಿ ಸೇರಿದೆ ಅಥವಾ ಎಣ್ಣೆ ಕಡಿಮೆಯಾಗಿದೆ. ಗಾಡಿ ನೆಟ್ಟಗೆ ಓಡುವಾಗ ಪಿಸ್ಟನ್ನು ಇರುವುದು ನಡುವಿನ ಜಾಗದಲ್ಲೇ. ಆದ್ದರಿಂದ ಆ ಭಾಗ ಬೇಗ ಸವೆಯುತ್ತದೆ. ಅಲ್ಲಿ ವಿಶೇಷ ಗಮನವಿರಲಿ.

ಹೊಸದನ್ನು ಆರಿಸುವಾಗ

ಅಳತೆ: ಅಂಗಡಿಗೆ ಹೋಗುವ ಮುನ್ನ ಅಳತೆ ತೆಗೆದುಕೊಂಡು ಹೋಗಿ. ಹಳೆಯದನ್ನು ಬಿಚ್ಚಿ, ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ಎರಡು ಸಿಕ್ಕಿಸುವ ಜಾಗಗಳ ನಡುವಿನ ದೂರ ಅಳೆಯಿರಿ. ಪೂರ್ತಿ ಬಲಕ್ಕೆ ತಿರುಗಿಸಿ ಮತ್ತೆ ಅಳೆಯಿರಿ. ಹೊಸ ಸ್ಟೆಬಿಲೈಸರ್ ಪೂರ್ತಿ ಮುಚ್ಚಿದಾಗ ಚಿಕ್ಕ ಅಳತೆಗಿಂತ ಚಿಕ್ಕದಾಗಿರಬೇಕು, ಪೂರ್ತಿ ಬಿಚ್ಚಿದಾಗ ದೊಡ್ಡ ಅಳತೆಗಿಂತ ಉದ್ದವಿರಬೇಕು. ಎರಡೂ ಕಡೆ ಹತ್ತು ಹದಿನೈದು ಮಿಲಿಮೀಟರಾದರೂ ಮಿಗಲಿ. ಗಾಲಿಯ ತಿರುವನ್ನು ನಿಲ್ಲಿಸುವ ಕೆಲಸ ಆಕ್ಸಲಿನ ಮೇಲಿನ ತಡೆ ಬೋಲ್ಟಿನದು. ಸ್ಟೆಬಿಲೈಸರ್ ಗಿಡ್ಡವಾದರೆ ಆ ಪೆಟ್ಟೆಲ್ಲ ಅದರ ಮೇಲೆ ಬಿದ್ದು ರಾಡು ಬಾಗುತ್ತದೆ, ಇಲ್ಲವೆ ಬ್ರಾಕೆಟ್ಟು ಕಿತ್ತು ಬರುತ್ತದೆ. ಘಾಟಿಯ ತಿರುವಿನಲ್ಲಿ ಸ್ಟಿಯರಿಂಗು ಅರ್ಧಕ್ಕೇ ನಿಲ್ಲುವ ಅಪಾಯವೂ ಉಂಟು.

ತುದಿ: ಕಣ್ಣಿನ ವ್ಯಾಸ, ಪಿನ್ನಿನ ದಪ್ಪ, ಬುಷ್ಷಿನ ಅಗಲ ಹಳೆಯದಕ್ಕೆ ಸರಿಹೊಂದಬೇಕು. "ಸ್ವಲ್ಪ ಸಡಿಲ ಐತಿ, ವಾಷರ್ ಹಾಕಿದ್ರಾತು" ಎಂದರೆ ಒಪ್ಪಬೇಡಿ. ಅಲ್ಲಿಯ ಸಡಿಲವೇ ನಾಳಿನ ನಡುಕ.

ಶಾಕ್ ಅಬ್ಸಾರ್ಬರ್ ಬೇಡ: ಅಳತೆ ಹೊಂದುತ್ತದೆಂದು ಸಾಮಾನ್ಯ ಶಾಕ್ ಅಬ್ಸಾರ್ಬರನ್ನೇ ಅಡ್ಡಲಾಗಿ ಸಿಕ್ಕಿಸುವವರಿದ್ದಾರೆ. ಅದರ ತಡೆ ಒತ್ತುವಾಗ ಕಡಿಮೆ, ಎಳೆಯುವಾಗ ಹೆಚ್ಚು. ಸ್ಟಿಯರಿಂಗಿಗೆ ಎರಡೂ ಕಡೆ ಸಮನಾಗಿ ಬೇಕು. ಮೇಲಾಗಿ, ನಿಲ್ಲಿಸಿ ಹಾಕಲೆಂದು ಮಾಡಿದ ಜೋಡಿ ಕೊಳವೆಯ ಶಾಕ್ ಅಬ್ಸಾರ್ಬರನ್ನು ಮಲಗಿಸಿದರೆ ಒಳಗಿನ ಗಾಳಿ ವಾಲ್ವಿಗೆ ಸೇರಿಕೊಳ್ಳುತ್ತದೆ.

ಗ್ಯಾಸು ತುಂಬಿದ್ದೇ ಎಂದು ನೋಡಿ: ಅಂಗಡಿಯಲ್ಲೇ ಪೆಟ್ಟಿಗೆಯಿಂದ ತೆಗೆದು ರಾಡನ್ನು ಒಳಗೆ ಒತ್ತಿ ಕೈಬಿಡಿ. ಒತ್ತಿದಲ್ಲೇ ನಿಂತರೆ ಬರೀ ಎಣ್ಣೆಯದು. ತಾನಾಗಿ ಹೊರಗೆ ಬಂದರೆ ಗ್ಯಾಸಿನ ಒತ್ತಡವಿದೆ. ಅಂಥದು ಸರಳನ್ನು ಸದಾ ಒಂದೇ ಕಡೆಗೆ ತಳ್ಳುತ್ತಿರುತ್ತದೆ. ಕಂಪನಿ ಅಂಥದನ್ನೇ ಹಾಕಿದ್ದರೆ ಸರಿ. ಇಲ್ಲದಿದ್ದರೆ ಎಣ್ಣೆಯದೇ ಸಾಕು.

ಅತಿ ಬಿಗಿ ಬೇಡ: "ಹೆವಿ ಡ್ಯೂಟಿ" ಎಂಬ ಚೀಟಿಗೆ ಮರುಳಾಗಬೇಡಿ. ತಿರುವು ದಾಟಿದ ಮೇಲೆ ಸ್ಟಿಯರಿಂಗು ತಾನಾಗಿ ನೇರಕ್ಕೆ ಬರುವುದು ಗಾಡಿಯ ಗುಣ. ಅತಿ ಬಿಗಿಯಾದ ಸ್ಟೆಬಿಲೈಸರ್ ಅದನ್ನು ಮಂದಗೊಳಿಸುತ್ತದೆ. ಸುತ್ತುದಾರಿಯಲ್ಲಿ ಓಡಿಸುವವರ ಭುಜಕ್ಕೂ ನೋವು, ಸ್ಟಿಯರಿಂಗ್ ಬಾಕ್ಸಿಗೂ ಹೊರೆ.

ಧೂಳು, ಕೆಸರಿನ ರಕ್ಷಣೆ: ರಾಡಿಗೆ ರಬ್ಬರಿನ ಅಂಗಿಯೋ ಲೋಹದ ಹೊದಿಕೆಯೋ ಇರುವುದು ನಮ್ಮ ಕೆಂಪು ಮಣ್ಣಿನ ಸೀಮೆಗೆ ಒಳ್ಳೆಯದು. ಮಣ್ಣಿನ ಕಣ ರಾಡಿಗೆ ಗೀರು ಹಾಕಿದರೆ ಆ ಗೀರು ಸೀಲನ್ನು ತಿನ್ನುತ್ತದೆ.

ಬಿಲ್ಲು: ಬೆಳಗಾವಿಯಲ್ಲಿ ಕಣಬರ್ಗಿ ಕಡೆಯ ಆಟೊ ನಗರವಾಗಲಿ, ನಗರದೊಳಗಿನ ಅಂಗಡಿಯಾಗಲಿ, ಕಂಪನಿಯ ಅಧಿಕೃತ ಮಾರಾಟಗಾರರಾಗಲಿ, ಎಲ್ಲಿ ಕೊಂಡರೂ ಭಾಗದ ನಂಬರು ಬರೆದ ಜಿ.ಎಸ್.ಟಿ. ಬಿಲ್ಲು ಕೇಳಿ ಪಡೆಯಿರಿ. ಹಳೆಯದನ್ನು ಕೈಯಲ್ಲಿ ಹಿಡಿದು ಹೋಗಿ ಪಕ್ಕದಲ್ಲಿಟ್ಟು ನೋಡಿ. 2020ರ ಜುಲೈಯಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಆದರೆ ಬಿಲ್ಲಿಲ್ಲದ ದೂರಿಗೆ ಬಲವಿಲ್ಲ. ನಾನು ಮೊದಲು ಕೊಂಡದ್ದಕ್ಕೆ ಬಿಲ್ಲು ಕೇಳಿರಲಿಲ್ಲ ಎಂಬುದನ್ನೂ ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ಜೋಡಿಸುವಾಗ

ಗಾಲಿಗಳು ನೇರವಾಗಿರುವಾಗಲೇ ಬುಷ್ಷಿನ ಬೋಲ್ಟುಗಳನ್ನು ಕೊನೆಯ ಬಿಗಿ ಬಿಗಿಯಬೇಕು. ಓರೆ ಗಾಲಿಯಲ್ಲಿ ಬಿಗಿದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಶಂಕುವಿನಾಕಾರದ ಪಿನ್ನಿದ್ದರೆ ಅದನ್ನೂ ಅದರ ತೂತನ್ನೂ ಒರೆಸಿ ಒಣಗಿಸಿ ಹಾಕಬೇಕು, ಗ್ರೀಸು ಸವರಬಾರದು. ಹಳೆಯ ಸ್ಪ್ಲಿಟ್ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವ ಉಳಿತಾಯ ಬೇಡವೇ ಬೇಡ. ಎಲ್ಲ ಮುಗಿದ ಮೇಲೆ ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಟೈರಿಗೋ ಸ್ಪ್ರಿಂಗಿಗೋ ಬ್ರೇಕಿನ ಪೈಪಿಗೋ ತಾಗುತ್ತದೆಯೇ ನೋಡಿ. ಭಾರ ಹೇರಿದ ಮೇಲೆ ಇನ್ನೊಮ್ಮೆ ನೋಡಿ. ಒಂದು ವಾರ ಓಡಿಸಿ ನಟ್ಟುಗಳ ಬಿಗಿಯನ್ನು ಮತ್ತೆ ಪರೀಕ್ಷಿಸಿರಿ.

ದಾರಿಯಲ್ಲಿ ನಡುಕ ಬಂದರೆ

ಹೆದರಿ ಗಟ್ಟಿಯಾಗಿ ಬ್ರೇಕು ಒತ್ತಬೇಡಿ. ಸ್ಟಿಯರಿಂಗಿನ ಜೊತೆ ಜಗಳಕ್ಕೂ ಇಳಿಯಬೇಡಿ. ಎರಡೂ ಕೈಯಿಂದ ಭದ್ರವಾಗಿ ಹಿಡಿದು, ಹೆಬ್ಬೆರಳನ್ನು ಚಕ್ರದ ಹೊರಗಿಟ್ಟು, ಆಕ್ಸಲರೇಟರಿನಿಂದ ಕಾಲು ತೆಗೆಯಿರಿ. ವೇಗ ಇಳಿದಂತೆ ನಡುಕವೂ ಇಳಿಯುತ್ತದೆ. ರಸ್ತೆಯ ಬದಿಗೆ ನಿಲ್ಲಿಸಿ ಕೆಳಗೆ ಬಾಗಿ ನೋಡಿ. ಕೀಲು ಜೋತಿದ್ದರೆ ಅಲ್ಲಿಂದ ಒಂದು ಮಾರೂ ಮುಂದಕ್ಕೆ ಓಡಿಸಬೇಡಿ.

ಭಾರದ ಬಗ್ಗೆಯೂ ಒಂದು ಮಾತು. ಹಿಂದಿನ ಗಾಲಿಯ ಆಚೆಗೆ ಚಾಚುವಂತೆ ಮೂಟೆ ಪೇರಿಸಿದರೆ ಮುಂದಿನ ಭಾಗ ಹಗುರವಾಗಿ ಗಾಲಿಗೆ ನೆಲದ ಹಿಡಿತ ತಪ್ಪುತ್ತದೆ. ಭಾರವಾದುದನ್ನು ಕ್ಯಾಬಿನ್ನಿನ ಹತ್ತಿರಕ್ಕೆ ಹೇರಿ. ಕೆಲಸದವರನ್ನು ಮೂಟೆಗಳ ಮೇಲೆ ಕೂರಿಸಿಕೊಂಡು ಹೋಗುವ ರೂಢಿಯನ್ನಂತೂ ಬಿಡಲೇಬೇಕು. ಒಂದು ಸಣ್ಣ ಗುಂಡು ಕಳಚಿದರೆ ಹೋಗುವುದು ಅವರ ಜೀವ.

ಒಟ್ಟಿನಲ್ಲಿ ಹೇಳುವುದಾದರೆ, ಒಳ್ಳೆಯ ಸ್ಟೆಬಿಲೈಸರ್ ಗಾಡಿಗೆ ಬೇಕಾದುದೇ. ಗುಂಡಿಯ ಪೆಟ್ಟನ್ನು ಅದು ತಾಳಿಕೊಳ್ಳುತ್ತದೆ, ಕೈಗೆ ಆಯಾಸ ತಪ್ಪಿಸುತ್ತದೆ. ಆದರೆ ಸವೆದ ಕೀಲಿಗೆ ಅದು ಮದ್ದಲ್ಲ. ಈಗ ನಮ್ಮ ಮನೆಯಲ್ಲಿ ಅಡಿಕೆ ಕೊಯ್ಲಿಗೆ ಮೊದಲೊಮ್ಮೆ, ಮಳೆ ನಿಂತ ಮೇಲೊಮ್ಮೆ, ಮಗ ಸ್ಟಿಯರಿಂಗ್ ಆಡಿಸುತ್ತಾನೆ, ನಾನು ಕೆಳಗೆ ಬಾಗಿ ಕೀಲು ನೋಡುತ್ತೇನೆ. ಹತ್ತು ನಿಮಿಷದ ಕೆಲಸ. ಈ ಸಂಚಿಕೆಯನ್ನು ಓದಿ ಮಡಿಸಿಡುವ ಮೊದಲು ತಾವೂ ಒಮ್ಮೆ ಅಂಗಳಕ್ಕಿಳಿದು ತಮ್ಮ ಗಾಡಿಯ ಕೆಳಗೆ ಬಾಗಿ ನೋಡುವಿರೆಂದು ನಂಬಿದ್ದೇನೆ.